ಚೆಲುವೂ ಒಂದು ಕಾನೂನು: ಸಿಯೆನಾ ನಗರದಲ್ಲಿ ಒಂದು ದಿನದ ನಡಿಗೆ

(ದತ್ತಿ ಉಪನ್ಯಾಸದ ಪೂರ್ಣಪಾಠ)



ಪ್ರವಾಸದ ಬಗ್ಗೆ ಮಾತನಾಡಿ ಎಂದು ತಾವು ಹೇಳಿದಾಗ ಒಂದು ಇಡೀ ದೇಶವನ್ನು ಎತ್ತಿಕೊಳ್ಳುವ ಧೈರ್ಯ ನನಗೆ ಬರಲಿಲ್ಲ. ಒಂದೇ ಊರನ್ನು ಆರಿಸಿಕೊಂಡಿದ್ದೇನೆ. ಬೆಳಗ್ಗೆ ಒಂದು ಬಾಗಿಲಿನಿಂದ ಹೊಕ್ಕು, ಸಂಜೆಯ ಹೊತ್ತಿಗೆ ಅದರ ಮುಖ್ಯ ಬೀದಿಗಳನ್ನೆಲ್ಲ ಕಾಲ್ನಡಿಗೆಯಲ್ಲೇ ನೋಡಿ ಮುಗಿಸಬಹುದಾದ ಊರು ಅದು. ಇಟಲಿಯ ಟಸ್ಕನಿ ಪ್ರಾಂತ್ಯದಲ್ಲಿ, ಫ್ಲಾರೆನ್ಸಿನಿಂದ ದಕ್ಷಿಣಕ್ಕೆ ಸುಮಾರು 70 ಕಿಲೋಮೀಟರ್ ದೂರದಲ್ಲಿ, ಸಮುದ್ರಮಟ್ಟದಿಂದ ಸುಮಾರು 320 ಮೀಟರ್ ಎತ್ತರದ ಮೂರು ದಿಣ್ಣೆಗಳ ಮೇಲೆ ಹರಡಿಕೊಂಡಿರುವ ಸಿಯೆನಾ. ಯುನೆಸ್ಕೋ 1995ರಲ್ಲಿ ಈ ನಗರದ ಹಳೆಯ ಭಾಗವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಸಿಯೆನಾ ಚೆಲುವಾದ ಊರು ಎಂದು ನೋಡಿದವರೆಲ್ಲ ಹೇಳುತ್ತಾರೆ. ನಾನು ಇವತ್ತು ಹೇಳಬೇಕೆಂದಿರುವುದು ಅದಕ್ಕಿಂತ ಒಂದು ಹೆಜ್ಜೆ ಮುಂದಿನ ಮಾತು. ಆ ಚೆಲುವು ಯಾವನೋ ರಾಜನ ಶೋಕಿಯಿಂದ ಹುಟ್ಟಿದ್ದಲ್ಲ, ಕಾಲ ಕಳೆದಂತೆ ತಾನಾಗಿ ಕೂಡಿಕೊಂಡದ್ದೂ ಅಲ್ಲ. ಏಳುನೂರು ವರ್ಷಗಳ ಹಿಂದೆ ಆ ಊರಿನವರು ಸಭೆ ಸೇರಿ, ವಾದ ಮಾಡಿ, ಮತ ಹಾಕಿ, ಕಾನೂನಿನ ಪುಸ್ತಕದಲ್ಲಿ ಬರೆದಿಟ್ಟು, ತೆರಿಗೆಯ ಹಣ ಸುರಿದು ಪಡೆದುಕೊಂಡದ್ದು ಅದು. ಈ ಮಾತು ನಿಜವೋ ಅಲ್ಲವೋ ಎಂದು ಪರೀಕ್ಷಿಸಲು ಗ್ರಂಥಾಲಯಕ್ಕೇ ಹೋಗಬೇಕಾಗಿಲ್ಲ. ಒಂದು ದಿನ ನಡೆದರೆ ಸಾಕು. ಆ ನಡಿಗೆಗೆ ತಮ್ಮನ್ನು ಕರೆದುಕೊಂಡು ಹೋಗುತ್ತೇನೆ.

ಬೆಳಗ್ಗೆ: ಉತ್ತರದ ಬಾಗಿಲಿನಿಂದ

ಸಿಯೆನಾದ ರೈಲು ನಿಲ್ದಾಣ ಕಣಿವೆಯಲ್ಲಿದೆ, ಊರು ಮೇಲಿದೆ. ನಿಲ್ದಾಣದ ಎದುರಿನಿಂದ ಒಂದರ ಮೇಲೊಂದು ಎಸ್ಕಲೇಟರ್‌ಗಳು ದಿಣ್ಣೆಯ ನೆತ್ತಿಯವರೆಗೆ ಕರೆದೊಯ್ಯುತ್ತವೆ. ಅಲ್ಲಿಂದ ಸ್ವಲ್ಪ ನಡೆದರೆ ಕಮೊಲ್ಲಿಯಾ ಬಾಗಿಲು. ಇಂಗ್ಲೆಂಡಿನ ಕ್ಯಾಂಟರ್ಬರಿಯಿಂದ ರೋಮಿಗೆ ಹೋಗುತ್ತಿದ್ದ ಯಾತ್ರಿಕರ ಹಾದಿ, ಫ್ರಾಂಚಿಜೆನಾ ಮಾರ್ಗ, ಈ ಬಾಗಿಲಲ್ಲಿ ಊರನ್ನು ಹೊಕ್ಕು ದಕ್ಷಿಣದ ರೋಮನ್ ಬಾಗಿಲಲ್ಲಿ ಹೊರಬೀಳುತ್ತಿತ್ತು. ಸಿಯೆನಾ ಬೆಳೆದದ್ದೇ ಈ ಹಾದಿಯಿಂದ. ನದಿಯಿಲ್ಲ, ಬಂದರಿಲ್ಲ, ಆದರೆ ಹಾದಿಯಲ್ಲಿ ನಡೆದು ಬರುವವರಿದ್ದರು. ಅವರಿಗೆ ಊಟ, ವಸತಿ, ಔಷಧ, ನಾಣ್ಯದ ವಿನಿಮಯ ಬೇಕಾಗಿತ್ತು. ಯಾತ್ರಿಕರ ಕೈಯ ನಾಣ್ಯ ಬದಲಿಸಿಕೊಡುತ್ತಿದ್ದವರು ಮುಂದೆ ಯೂರೋಪಿನ ದೊಡ್ಡ ಲೇವಾದೇವಿಗಾರರಾದರು, ಪೋಪರಿಗೂ ಸಾಲ ಕೊಟ್ಟರು. ಆ ಬಾಗಿಲಿನ ಹೊರಮೈಯಲ್ಲಿ ಲ್ಯಾಟಿನ್ನಿನ ಒಂದು ಸಾಲು ಕೆತ್ತಿದ್ದಾರೆ. ಈ ಬಾಗಿಲಿಗಿಂತ ಅಗಲವಾಗಿ ಸಿಯೆನಾ ತನ್ನ ಹೃದಯವನ್ನು ನಿನಗೆ ತೆರೆಯುತ್ತದೆ ಎಂಬುದು ಅದರ ತಾತ್ಪರ್ಯ. ಬರುವ ಅಪರಿಚಿತನಿಗೆ ಊರು ಆಡುವ ಮೊದಲ ಮಾತು ಅದು.

ಬಾಗಿಲಿನಿಂದ ಒಳಗೆ ಬೀದಿ ದಿಣ್ಣೆಯ ಬೆನ್ನಿನ ಮೇಲೆಯೇ ಬಳುಕುತ್ತ ಸಾಗುತ್ತದೆ. ನೆಲಕ್ಕೆ ಕಲ್ಲುಚಪ್ಪಡಿ, ಎರಡೂ ಬದಿಗೆ ಇಟ್ಟಿಗೆಯ ಎತ್ತರದ ಮನೆಗಳು. ಆ ಇಟ್ಟಿಗೆಯ ಬಣ್ಣ ನಮ್ಮಲ್ಲಿ ಚಿತ್ರಕಲೆ ಕಲಿತ ಪ್ರತಿಯೊಬ್ಬರಿಗೂ ಪರಿಚಿತ. ಬಣ್ಣದ ಟ್ಯೂಬಿನ ಮೇಲೆ ಬರ್ನ್ಟ್ ಸಿಯೆನ್ನಾ ಎಂದು ಬರೆದಿರುತ್ತದಲ್ಲ, ಅದು ಈ ಸೀಮೆಯ ಮಣ್ಣಿನ ಹೆಸರಿನಲ್ಲಿ ಲೋಕವೆಲ್ಲ ತಿರುಗಿದ ಬಣ್ಣ. ಅಲ್ಲಲ್ಲಿ ಎರಡು ಮನೆಗಳ ನಡುವಿನ ಓಣಿ ಕಡಿದಾಗಿ ಇಳಿದುಬಿಡುತ್ತದೆ. ಅದರ ತುದಿಯಲ್ಲಿ ಹಸಿರು ಕಣಿವೆ, ಆಲಿವ್ ಮರ, ತರಕಾರಿ ತೋಟ. ಕೋಟೆಯ ಒಳಗೇ ಹೊಲಗದ್ದೆ ಉಳಿಸಿಕೊಂಡಿರುವ ಊರು ಇದು. ದಿಣ್ಣೆಗಳ ಮೇಲೆ ಮನೆ, ತಗ್ಗುಗಳಲ್ಲಿ ತೋಟ. ಹಾಗಾಗಿ ಎಲ್ಲಿ ನಿಂತರೂ ಹಳ್ಳಿ ಕಣ್ಣಿಗೆ ಬೀಳುತ್ತದೆ.

ದಾರಿಯಲ್ಲಿ ಸಲಿಂಬೇನಿ ಚೌಕ. 1472ರಲ್ಲಿ ಶುರುವಾದ ಮೊಂತೆ ದೆಯಿ ಪಾಸ್ಕಿ ಬ್ಯಾಂಕಿನ ಕಚೇರಿ ಇಲ್ಲಿದೆ. ಇಂದಿಗೂ ವ್ಯವಹಾರ ನಡೆಸುತ್ತಿರುವ ಬ್ಯಾಂಕುಗಳಲ್ಲಿ ಲೋಕದಲ್ಲೇ ಅತ್ಯಂತ ಹಳೆಯದು ಇದು. ಬಡವರಿಗೆ ಕಡಿಮೆ ಬಡ್ಡಿಗೆ ಸಾಲ ಕೊಡಲೆಂದು ನಗರವೇ ಸ್ಥಾಪಿಸಿದ್ದು. ಅದನ್ನು ದಾಟಿ ಮುಂದೆ ಹೋದರೆ ಮೂರು ದಿಣ್ಣೆಗಳ ಮೂರು ಬೀದಿಗಳು ಒಂದೆಡೆ ಕೂಡುತ್ತವೆ. ಅಲ್ಲಿಯವರೆಗೆ ಬಂದವರಿಗೆ ಒಂದು ವಿಷಯ ಗಮನಕ್ಕೆ ಬಂದಿರುತ್ತದೆ: ಹಾರ್ನ್ ಸದ್ದಿಲ್ಲ. 1960ರ ದಶಕದಲ್ಲೇ ಹಳೆಯ ಊರಿನೊಳಕ್ಕೆ ಖಾಸಗಿ ವಾಹನ ಬರದಂತೆ ತಡೆದ ಮೊದಲ ನಗರಗಳಲ್ಲಿ ಸಿಯೆನಾ ಒಂದು. ಅದೂ ನಗರಸಭೆ ಕೂತು ಮಾಡಿದ ತೀರ್ಮಾನವೇ. ನಡೆಯುವವನಿಗೆ ಬೀದಿಯನ್ನು ಬಿಟ್ಟುಕೊಟ್ಟ ತೀರ್ಮಾನ.

ಕಾಂಪೊ ಎಂಬ ನೆಲ

ಕೂಡುಬೀದಿಯಿಂದ ಕಮಾನಿನ ಕೆಳಗಿನ ಕತ್ತಲ ಓಣಿಯೊಂದನ್ನು ಇಳಿದರೆ ಎದುರಿಗೆ ತಟ್ಟನೆ ಆಕಾಶ ತೆರೆದುಕೊಳ್ಳುತ್ತದೆ. ಅದೇ ಕಾಂಪೊ, ಸಿಯೆನಾದ ನಡುಬಯಲು. ನಮ್ಮ ಮನೆಯ ಮೊರವನ್ನು ಕಣ್ಣ ಮುಂದೆ ತಂದುಕೊಳ್ಳಿ. ಮೂರು ಕಡೆ ಎತ್ತರಿಸಿದ ಬಾಗಿದ ಅಂಚು, ಒಂದು ಕಡೆಗೆ ಇಳಿಜಾರು. ಕಾಂಪೊ ಹಾಗೆಯೇ ಇದೆ. ಇಳಿಜಾರು ಮುಗಿಯುವ ಕಡೆಯಲ್ಲಿ ನಗರದ ಆಡಳಿತ ಭವನ, ಪಲಾತ್ಸೊ ಪುಬ್ಲಿಕೊ. ಮಳೆ ಬಂದರೆ ನೀರೆಲ್ಲ ಆ ಭವನದ ಮುಂದಿರುವ ಒಂದೇ ಬಚ್ಚಲಬಾಯಿಗೆ ಇಳಿದು ಹೋಗುತ್ತದೆ.

ಈ ಜಾಗ ಮೂರು ದಿಣ್ಣೆಗಳು ಕೂಡುವ ತಗ್ಗು. ಯಾವ ದಿಣ್ಣೆಯವರಿಗೂ ಸೇರದ, ಹಾಗಾಗಿ ಎಲ್ಲರಿಗೂ ಸೇರಿದ ನೆಲ. ಮಧ್ಯಯುಗದ ಸಿಯೆನಾದಲ್ಲಿ ಒಂದೊಂದು ಮನೆತನವೂ ತನ್ನದೇ ಗೋಪುರ ಕಟ್ಟಿಕೊಂಡು, ತನ್ನದೇ ಬಂಟರನ್ನು ಸಾಕಿಕೊಂಡು ಇನ್ನೊಂದು ಮನೆತನದ ಮೇಲೆ ಕತ್ತಿ ಮಸೆಯುತ್ತಿತ್ತು. ಅಂಥ ಊರಿಗೆ ಯಾರಿಗೂ ಸೇರದ ಒಂದು ನಡುಬಯಲು ಎಷ್ಟು ಬೇಕಾಗಿತ್ತು ಎಂಬುದನ್ನು ಊಹಿಸಿಕೊಳ್ಳಬಹುದು.

1287ರಿಂದ 1355ರವರೆಗೆ ಈ ನಗರ ಗಣರಾಜ್ಯವನ್ನು ಒಂಬತ್ತು ಜನರ ಮಂಡಳಿ ಆಳಿತು. ಒಬ್ಬೊಬ್ಬರ ಅಧಿಕಾರಾವಧಿ ಕೇವಲ ಎರಡು ತಿಂಗಳು. ಆ ಎರಡು ತಿಂಗಳು ಅವರು ಮನೆಮಠ ಬಿಟ್ಟು ಆಡಳಿತ ಭವನದಲ್ಲೇ ವಾಸವಾಗಿರಬೇಕಿತ್ತು. ಹೊರಗಿನವರ ಪ್ರಭಾವಕ್ಕೆ ಸಿಕ್ಕಬಾರದು ಎಂಬ ಎಚ್ಚರ ಅದು. ಒಮ್ಮೆ ಅಧಿಕಾರ ಮುಗಿಸಿದವರು ಮತ್ತೆ ಆ ಪೀಠಕ್ಕೆ ಬರಲು 20 ತಿಂಗಳು ಕಾಯಬೇಕಿತ್ತು. ಕಾಂಪೊದ ಇಟ್ಟಿಗೆ ನೆಲವನ್ನು ಬಿಳಿಗಲ್ಲಿನ ಪಟ್ಟಿಗಳು ಒಂಬತ್ತು ಭಾಗ ಮಾಡಿರುವುದು ಈ ಒಂಬತ್ತರ ಲೆಕ್ಕಕ್ಕೇ.

ಈಗ ಬಯಲಿನ ಸುತ್ತಲಿನ ಮನೆಗಳನ್ನು ನೋಡಿ. ಬೇರೆ ಬೇರೆ ಕುಟುಂಬಗಳು ಬೇರೆ ಬೇರೆ ಕಾಲದಲ್ಲಿ ಕಟ್ಟಿಸಿದವು. ಆದರೂ ಒಂದು ಇನ್ನೊಂದರ ಮಾತು ಕೇಳಿ ನಿಂತ ಹಾಗಿವೆ. ಇದಕ್ಕೂ ಕಾರಣ ಕಾನೂನು. 1297ರಲ್ಲಿ ಮಂಡಳಿ ಒಂದು ನಿಯಮ ಮಾಡಿತು: ಕಾಂಪೊಗೆ ಮುಖ ಮಾಡಿ ಯಾರೇ ಮನೆ ಕಟ್ಟಿದರೂ ಕಿಟಕಿಗಳು ಸಣ್ಣ ಕಂಬಗಳ ಕಮಾನು ಕಿಟಕಿಗಳಾಗಿರಬೇಕು, ಬಯಲಿನತ್ತ ಬಾಲ್ಕನಿ ಚಾಚಿರಬಾರದು. ಎಂಥ ಸಿರಿವಂತನೂ ತನ್ನ ಮನೆಯ ಮುಖವನ್ನು ಊರಿನ ಮುಖಕ್ಕೆ ಹೊಂದಿಸಿಕೊಳ್ಳಬೇಕಾಗಿತ್ತು. ನನ್ನ ಜಾಗ, ನನ್ನ ಹಣ, ನನ್ನ ಇಷ್ಟ ಎಂಬ ಮಾತು ಇಲ್ಲಿ ನಡೆಯಲಿಲ್ಲ.

ಬಯಲಿನಿಂದ ಎದ್ದು ನಿಂತಿರುವ ಮಾಂಜಾ ಗೋಪುರದ ಎತ್ತರ ಸುಮಾರು 88 ಮೀಟರ್. 1338ರಿಂದ 1348ರ ನಡುವೆ ಕಟ್ಟಿದ್ದು. ಮೊದಲ ಗಂಟೆಗಾರನ ಅಡ್ಡಹೆಸರಿನಿಂದ ಗೋಪುರಕ್ಕೆ ಈ ಹೆಸರು ಬಂತು. ನಾನೂರು ಮೆಟ್ಟಿಲು ಹತ್ತುವ ಶಕ್ತಿ ಇರುವವರು ಬೆಳಗ್ಗೆಯೇ ಹತ್ತಬೇಕು. ಮೇಲಿನಿಂದ ನೋಡಿದಾಗ ಮೂರು ದಿಣ್ಣೆ, ಮೂರು ಬೀದಿ, ನಡುವೆ ಈ ಬಯಲು, ಆಚೆ ಕಣಿವೆ ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತವೆ. ಆಮೇಲಿನ ನಡಿಗೆಯಲ್ಲಿ ದಾರಿ ತಪ್ಪುವ ಭಯವಿಲ್ಲ.

ಕಾನೂನಿನ ಪುಸ್ತಕ, ಗೋಡೆಯ ಚಿತ್ರ

ಆಡಳಿತ ಭವನದೊಳಕ್ಕೆ ಹೋಗುವ ಮುನ್ನ ಒಂದು ಪುಸ್ತಕದ ವಿಷಯ ಹೇಳಬೇಕು. 1309–10ರಲ್ಲಿ ಸಿಯೆನಾ ತನ್ನ ಇಡೀ ಕಾನೂನು ಸಂಹಿತೆಯನ್ನು ಲ್ಯಾಟಿನ್ನಿನಿಂದ ಜನರ ಆಡುಮಾತಿಗೆ ತರಿಸಿತು. ದೊಡ್ಡ ಅಕ್ಷರಗಳಲ್ಲಿ, ಸ್ಪಷ್ಟವಾಗಿ, ಒಳ್ಳೆಯ ಚರ್ಮದ ಹಾಳೆಗಳ ಮೇಲೆ ಬರೆಸಬೇಕೆಂದೂ ಆದೇಶವಾಗಿತ್ತು. ಲ್ಯಾಟಿನ್ ಬಾರದ ಬಡವರು, ಸಾಮಾನ್ಯರು ಬೇಕಾದಾಗ ಬಂದು ಓದಿಕೊಳ್ಳಲಿ, ನಕಲು ಮಾಡಿಕೊಳ್ಳಲಿ ಎಂಬುದೇ ಉದ್ದೇಶ. ಆಡಳಿತ ಜನರ ಮಾತಿನಲ್ಲಿ ನಡೆಯಬೇಕೆಂದು ಇಂದಿಗೂ ಕೇಳುತ್ತಲೇ ಇರುವ ಕನ್ನಡಿಗರಾದ ನಮಗೆ ಈ ಸಂಗತಿಯ ತೂಕ ಬಿಡಿಸಿ ಹೇಳಬೇಕಿಲ್ಲ.

ಆ ಸಂಹಿತೆಯಲ್ಲಿ, ಜನರ ವಿಹಾರಕ್ಕಾಗಿ ಹುಲ್ಲುಗಾವಲೊಂದನ್ನು ಇಟ್ಟುಕೊಳ್ಳುವ ವಿಷಯ ಬಂದಾಗ, ನಗರವನ್ನು ಆಳುವವರು ಮುಖ್ಯವಾಗಿ ಅದರ ಚೆಲುವಿನ ಕಡೆಗೆ ಗಮನ ಕೊಡಬೇಕು ಎಂಬ ಅರ್ಥದ ಮಾತಿದೆ. ಊರಿನವರಿಗೂ ಹೊರಗಿನಿಂದ ಬರುವವರಿಗೂ ಅದರಿಂದ ಸಂತೋಷವಾಗಬೇಕು ಎಂದೂ ಇದೆ. ದಂಡ, ತೆರಿಗೆ, ಕಾವಲುಗಳ ನಡುವೆ ಸಂತೋಷವನ್ನೂ ಆಡಳಿತದ ಬಾಬ್ತು ಎಂದು ಬರೆದುಕೊಂಡ ಊರು ಸಿಯೆನಾ. ನನ್ನ ಉಪನ್ಯಾಸದ ಶೀರ್ಷಿಕೆ ಹುಟ್ಟಿದ್ದು ಅಲ್ಲಿಂದ.

ಇನ್ನು ಭವನದ ಮೇಲಂತಸ್ತಿಗೆ. ದೊಡ್ಡ ಸಭಾಂಗಣದ ಗೋಡೆಯಲ್ಲಿ ಸಿಮೋನೆ ಮಾರ್ತೀನಿ 1315ರಲ್ಲಿ ಬರೆದ ಮೇರಿಮಾತೆಯ ಒಡ್ಡೋಲಗ ಇದೆ. ಅದರ ಪಕ್ಕದ ಕೋಣೆ ಒಂಬತ್ತು ಜನರ ಮಂಡಳಿ ಕೂರುತ್ತಿದ್ದ ಕೋಣೆ. 1338–39ರಲ್ಲಿ ಅಂಬ್ರೋಜೊ ಲೊರೆಂಜೆತ್ತಿ ಅದರ ಮೂರು ಗೋಡೆಗಳ ಮೇಲೆ ಒಳ್ಳೆಯ ಆಡಳಿತ, ಕೆಟ್ಟ ಆಡಳಿತ ಮತ್ತು ಅವುಗಳ ಫಲಗಳನ್ನು ಚಿತ್ರಿಸಿದ. ನಾಲ್ಕನೆಯ ಗೋಡೆಯಲ್ಲಿ ಕಿಟಕಿ. ಸಿಯೆನಾದಲ್ಲಿ ಒಂದು ಗಂಟೆ ಮಾತ್ರ ಇರುವವರೂ ಆ ಗಂಟೆಯನ್ನು ಈ ಕೋಣೆಯಲ್ಲಿ ಕಳೆಯಬೇಕು.

ಒಂದು ಗೋಡೆಯಲ್ಲಿ ನ್ಯಾಯದೇವತೆ ಕೂತಿದ್ದಾಳೆ. ಅವಳ ತಕ್ಕಡಿಯಿಂದ ಹೊರಟ ಹಗ್ಗ ಕೆಳಗೆ ಕೂತ ಸಾಮರಸ್ಯದ ಕೈಗೆ ಬರುತ್ತದೆ. ಸಾಮರಸ್ಯದ ತೊಡೆಯ ಮೇಲೆ ಬಡಗಿಯ ಉಜ್ಜುಗೊರಡು. ಉಬ್ಬುತಗ್ಗುಗಳನ್ನು ಸಮ ಮಾಡುವವಳು ಅವಳು. ಅವಳ ಕೈಯಿಂದ ಹಗ್ಗ 24 ನಾಗರಿಕರ ಕೈಗೆ ದಾಟುತ್ತದೆ. ಯಾರೂ ಅವರನ್ನು ಆ ಹಗ್ಗದಿಂದ ಕಟ್ಟಿಲ್ಲ, ಅವರೇ ಹಿಡಿದುಕೊಂಡಿದ್ದಾರೆ. ಹಗ್ಗದ ಕೊನೆ ಬಿಳಿ ಕಪ್ಪು ಉಡುಪಿನ ಹಿರಿಯನ ಕೈಯಲ್ಲಿದೆ. ಅವನೇ ಊರಿನ ಸಾಮಾನ್ಯ ಹಿತ. ಬಿಳಿ ಕಪ್ಪು ಸಿಯೆನಾದ ಲಾಂಛನದ ಬಣ್ಣ. ನಡುವೆ ಶಾಂತಿದೇವತೆ ತೆಳುವಾದ ಬಿಳಿ ಬಟ್ಟೆ ಉಟ್ಟು ಒರಗಿದ್ದಾಳೆ. ಅವಳು ಒರಗಿರುವ ದಿಂಬಿನ ಕೆಳಗೆ ಯುದ್ಧದ ಕವಚವಿದೆ.

ಪಕ್ಕದ ಗೋಡೆಯಲ್ಲಿ ಆ ಆಡಳಿತದ ಫಲ. ಇದು ದೇವರ ಚಿತ್ರವಲ್ಲ, ರಾಜನ ಚಿತ್ರವೂ ಅಲ್ಲ. ಕೆಲಸ ಮಾಡುವ ಊರಿನ ಚಿತ್ರ. ಗಾರೆಯವರು ಅಟ್ಟಣೆಯ ಮೇಲೆ ನಿಂತು ಮನೆ ಕಟ್ಟುತ್ತಿದ್ದಾರೆ. ಚಪ್ಪಲಿ ಅಂಗಡಿ ತೆರೆದಿದೆ. ಮೇಷ್ಟ್ರು ಪಾಠ ಹೇಳುತ್ತಿದ್ದಾರೆ. ಮದುವಣಗಿತ್ತಿ ಕುದುರೆಯ ಮೇಲೆ ಹೊರಟಿದ್ದಾಳೆ. ಬೀದಿಯ ನಡುವೆ ಕೈ ಕೈ ಹಿಡಿದು ಕುಣಿಯುವವರಿದ್ದಾರೆ. ಕೋಟೆಯ ಬಾಗಿಲಿನ ಆಚೆಗೆ ಚಿತ್ರ ನಿಲ್ಲದೆ ಹೊಲಗಳಿಗೆ ಹರಿಯುತ್ತದೆ. ಒಬ್ಬ ರೈತ ಬೆನ್ನಿನ ಮೇಲೆ ಬಿಳಿ ಪಟ್ಟೆಯಿರುವ ಕಪ್ಪು ಹಂದಿಯನ್ನು ಊರಿಗೆ ಹೊಡೆದು ತರುತ್ತಿದ್ದಾನೆ. ಆ ತಳಿ ಇಂದಿಗೂ ಈ ಸೀಮೆಯಲ್ಲಿದೆ. ಉಳುವವರು, ಒಕ್ಕುವವರು, ಹೇಸರಗತ್ತೆಯ ಮೇಲೆ ಹೇರು ತರುವವರು. ಯೂರೋಪಿನ ಚಿತ್ರಕಲೆಯಲ್ಲಿ ನಿಜವಾದ ನೆಲವೊಂದು ಇಷ್ಟು ವಿಸ್ತಾರವಾಗಿ ಮೂಡಿಬಂದ ಮೊದಲ ದೃಶ್ಯಗಳಲ್ಲಿ ಇದೂ ಒಂದು.

ಎದುರು ಗೋಡೆಯ ಕೆಟ್ಟ ಆಡಳಿತದ ಚಿತ್ರ ಬಹಳಷ್ಟು ಹಾಳಾಗಿದೆ. ಉಳಿದಿರುವಷ್ಟರಲ್ಲಿ ಕೊಂಬು ಮೂಡಿದ ನಿರಂಕುಶತೆ ಪೀಠವೇರಿದೆ. ನ್ಯಾಯದೇವತೆ ಕೈಕಾಲು ಕಟ್ಟಿಸಿಕೊಂಡು ಕೆಳಗೆ ಬಿದ್ದಿದ್ದಾಳೆ. ಆ ಊರಿನಲ್ಲಿ ದುಡಿಯುತ್ತಿರುವವನು ಆಯುಧ ಮಾಡುವವನೊಬ್ಬನೇ.

ಇಲ್ಲಿಂದ ಹೊರಬಂದು ಭವನದ ಹಿಂಬದಿಯ ಮೇಲಿನ ಮೊಗಸಾಲೆಗೆ ತಪ್ಪದೆ ಹತ್ತಬೇಕು. ಅಲ್ಲಿ ನಿಂತರೆ ದಕ್ಷಿಣದ ಕಣಿವೆ, ತೋಟಗಳು, ದೂರದ ಬೋಳು ಗುಡ್ಡಗಳ ಸಾಲು. ಈಗಷ್ಟೇ ಗೋಡೆಯ ಮೇಲೆ ನೋಡಿದ ನೆಲವೇ ಬಿಸಿಲಲ್ಲಿ ಹರಡಿಕೊಂಡಿದೆ. ಆಳುವವರು ಕಾಗದಪತ್ರದಿಂದ ತಲೆ ಎತ್ತಿದರೆ ತಮ್ಮ ತೀರ್ಮಾನದ ಫಲ ಗೋಡೆಯಲ್ಲೂ ಕಾಣಬೇಕು, ಕಿಟಕಿಯಲ್ಲೂ ಕಾಣಬೇಕು. ಇಂಥ ಕಚೇರಿಯನ್ನು ನಾನು ಬೇರೆಲ್ಲೂ ನೋಡಿಲ್ಲ.

ಆ ಮಂಡಳಿಯನ್ನು ಸುಮ್ಮನೆ ಹೊಗಳುವುದು ತಪ್ಪಾಗುತ್ತದೆ. ಒಂಬತ್ತು ಜನರೂ ವರ್ತಕರು, ಲೇವಾದೇವಿಗಾರರು. ಹಳೆಯ ಶ್ರೀಮಂತ ಮನೆತನಗಳನ್ನು ಅವರು ಹೊರಗಿಟ್ಟರು. ಕೂಲಿಕಾರರಿಗೂ ಆ ಕೋಣೆಯಲ್ಲಿ ಜಾಗವಿರಲಿಲ್ಲ. 1355ರಲ್ಲಿ ಚಕ್ರವರ್ತಿ ನಾಲ್ಕನೆಯ ಚಾರ್ಲ್ಸ್ ಊರಿಗೆ ಬಂದ ಹೊತ್ತಿನಲ್ಲಿ ಜನ ದಂಗೆಯೆದ್ದು ಮಂಡಳಿಯನ್ನು ಕಿತ್ತೆಸೆದರು. ಗೋಡೆಯ ಮೇಲಿನ ಊರು ಅವರು ಸಾಧಿಸಿ ಮುಗಿಸಿದ ಊರಲ್ಲ, ಅವರು ಒಪ್ಪಿಕೊಂಡಿದ್ದ ಹೊಣೆ. ಹೊಣೆಯನ್ನು ತಮ್ಮ ಕಣ್ಣೆದುರೇ ಬರೆಸಿಟ್ಟುಕೊಂಡರು ಎಂಬುದಕ್ಕೆ ಅವರಿಗೆ ಗೌರವ ಸಲ್ಲಬೇಕು.

ಮಧ್ಯಾಹ್ನ: ಪೂರ್ತಿಯಾಗದ ಗುಡಿ

ಊಟಕ್ಕೆ ಇಲ್ಲಿನ ಪೀಚಿ ಸಿಗುತ್ತದೆ. ಹಿಟ್ಟನ್ನು ಕೈಯಲ್ಲೇ ಹೊಸೆದು ಮಾಡಿದ ದಪ್ಪ ಎಳೆಯ ಶಾವಿಗೆ. ಬೆಳ್ಳುಳ್ಳಿ ಟೊಮೆಟೊ ಸಾರಿನಲ್ಲಿ, ಇಲ್ಲವೇ ಚೀಸು ಮತ್ತು ಕಾಳುಮೆಣಸಿನ ಪುಡಿಯಲ್ಲಿ ಕಲಸಿ ಕೊಡುತ್ತಾರೆ. ಸಿಹಿಗೆ ಪಾನ್‌ಫೋರ್ತೆ: ಬಾದಾಮಿ, ಜೇನು, ಸಕ್ಕರೆಪಾಕದ ಹಣ್ಣು, ಮಸಾಲೆ ಸೇರಿಸಿದ ಗಟ್ಟಿ ಬಿಲ್ಲೆ. ಅದರ ಹಳೆಯ ರೂಪದಲ್ಲಿ ಕಾಳುಮೆಣಸು ಮುಖ್ಯವಾಗಿತ್ತು. ಆ ಕಾಲದ ಯೂರೋಪಿಗೆ ಕಾಳುಮೆಣಸು ಹೋಗುತ್ತಿದ್ದುದು ನಮ್ಮ ಪಶ್ಚಿಮ ಕರಾವಳಿಯ ಬಂದರುಗಳಿಂದ. ಘಟ್ಟದ ಬಳ್ಳಿಗೂ ಟಸ್ಕನಿಯ ಬೆಟ್ಟದ ಊರಿಗೂ ಇದ್ದ ನಂಟು ಇದು.

ಊಟದ ನಂತರ ಚಿತ್ತಾ ಬೀದಿಯ ಏರು. ಎರಡೂ ಬದಿಯ ಅರಮನೆಗಳ ನಡುವೆ ಕೀಜಿ ಸರಚೀನಿ ಅರಮನೆ ಬರುತ್ತದೆ. 1932ರಲ್ಲಿ ಸ್ಥಾಪನೆಯಾದ ಕೀಜಾನಾ ಸಂಗೀತ ಅಕಾಡೆಮಿ ಅಲ್ಲಿದೆ. ಮುಂಬೈಯ ಜುಬಿನ್ ಮೆಹ್ತಾ 1956ರಲ್ಲಿ ವಾದ್ಯವೃಂದ ನಿರ್ದೇಶನ ಕಲಿಯಲು ಇಲ್ಲಿಗೆ ಬಂದಿದ್ದರು. ಏರು ಮುಗಿದಲ್ಲಿ ಬಿಳಿ ಮತ್ತು ಕಡು ಹಸಿರು ಅಮೃತಶಿಲೆಯ ಪಟ್ಟೆಗಳ ಕೆಥೆಡ್ರಲ್.

ಒಳಗೆ ಕಂಬ ಕಂಬಕ್ಕೂ ಅದೇ ಪಟ್ಟೆ. ನಿಕೊಲಾ ಪಿಸಾನೊ 1265–68ರಲ್ಲಿ ಕೆತ್ತಿದ ಪ್ರವಚನ ಪೀಠ ಇಲ್ಲಿದೆ. ಕಾಲ ಕೆಳಗೆ ಬಣ್ಣದ ಅಮೃತಶಿಲೆಯನ್ನು ಕೂರಿಸಿ ಮಾಡಿದ 56 ಚಿತ್ರಗಳ ನೆಲ. ಅದನ್ನು ಮಾಡಲು 14ನೇ ಶತಮಾನದಿಂದ 19ನೇ ಶತಮಾನದವರೆಗೆ ತಲೆಮಾರಿನ ಮೇಲೆ ತಲೆಮಾರು ದುಡಿದಿದೆ. ತುಳಿತದಿಂದ ಸವೆಯದಿರಲೆಂದು ವರ್ಷದ ಬಹುಭಾಗ ಅದನ್ನು ಮುಚ್ಚಿಟ್ಟು, ಬೇಸಿಗೆ ಮತ್ತು ಅದರ ನಂತರದ ಕೆಲವು ವಾರ ಮಾತ್ರ ತೆರೆಯುತ್ತಾರೆ. ಹೋಗುವವರು ದಿನಾಂಕ ನೋಡಿಕೊಂಡು ಹೋಗುವುದು ಒಳ್ಳೆಯದು.

ಪಕ್ಕದ ಮ್ಯೂಸಿಯಮ್ಮಿನಲ್ಲಿ ದೂಚೊ ಬರೆದ ಮೇರಿಮಾತೆಯ ದೊಡ್ಡ ಚಿತ್ರಫಲಕವಿದೆ. 1308ರಲ್ಲಿ ಶುರುವಾಗಿ 1311ರಲ್ಲಿ ಮುಗಿಯಿತು. ಆ ವರ್ಷದ ಜೂನ್ 9ರಂದು ಚಿತ್ರಕಾರನ ಕಾರ್ಯಾಗಾರದಿಂದ ಕೆಥೆಡ್ರಲ್ಲಿಗೆ ಅದನ್ನು ಮೆರವಣಿಗೆಯಲ್ಲಿ ತಂದರು. ಅಂಗಡಿಗಳು ಮುಚ್ಚಿದವು, ಗಂಟೆಗಳು ಮೊಳಗಿದವು, ಒಂಬತ್ತು ಜನರ ಮಂಡಳಿಯೂ ಊರಿನ ಜನರೂ ಮೇಣದಬತ್ತಿ ಹಿಡಿದು ಜೊತೆ ನಡೆದರು. 1771ರಲ್ಲಿ ಈ ಫಲಕವನ್ನು ಗರಗಸದಿಂದ ಕೊಯ್ದು ಬೇರ್ಪಡಿಸಿದರು. ಅದರ ಕೆಲವು ಚಿತ್ರಗಳು ಇಂದು ಲಂಡನ್, ವಾಷಿಂಗ್ಟನ್ ಮುಂತಾದ ಕಡೆ ಹಂಚಿಹೋಗಿವೆ.

ಆದರೆ ಕೆಥೆಡ್ರಲ್ಲಿನ ಸುತ್ತ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಒಂದು ಒಂಟಿ ಗೋಡೆ. 1339ರಲ್ಲಿ ಸಿಯೆನಾ ಒಂದು ಭಾರಿ ಯೋಜನೆ ಹಾಕಿತು: ಈಗಿರುವ ಇಡೀ ಗುಡಿಯನ್ನು ಅಡ್ಡ ಭಾಗವಾಗಿ ಮಾಡಿಕೊಂಡು, ಅದಕ್ಕಿಂತ ಎಷ್ಟೋ ದೊಡ್ಡದಾದ ಹೊಸ ಗುಡಿಯನ್ನು ಕಟ್ಟುವುದು. ಬದಿಯ ಗೋಡೆಗಳು ಎದ್ದವು, ಮುಂಭಾಗದ ಗೋಡೆಯೂ ಏರಿತು. 1348ರಲ್ಲಿ ಪ್ಲೇಗು ಬಂತು.

ಆಗ ಊರಿನ ಜನಸಂಖ್ಯೆ ಸುಮಾರು 50,000 ಇದ್ದಿರಬಹುದೆಂದು ಇತಿಹಾಸಕಾರರ ಅಂದಾಜು. ಅದರಲ್ಲಿ ಅರ್ಧದಷ್ಟು, ಬಹುಶಃ ಅದಕ್ಕೂ ಹೆಚ್ಚು ಜನ ಕೆಲವೇ ತಿಂಗಳಲ್ಲಿ ಸತ್ತರು. ಆನ್ಯೊಲೊ ದಿ ತೂರಾ ಎಂಬ ವೃತ್ತಾಂತಕಾರ ತನ್ನ ಐದು ಮಕ್ಕಳನ್ನು ತನ್ನ ಕೈಯಿಂದಲೇ ಮಣ್ಣು ಮಾಡಿದ್ದನ್ನು ದಾಖಲಿಸಿದ್ದಾನೆ. ಒಳ್ಳೆಯ ಆಡಳಿತದ ಚಿತ್ರ ಬರೆದ ಅಂಬ್ರೋಜೊ, ಅವನಂತೆಯೇ ಚಿತ್ರಕಾರನಾಗಿದ್ದ ಅವನ ಅಣ್ಣ ಪಿಯೆತ್ರೊ ಇಬ್ಬರೂ ಆ ಪ್ಲೇಗಿನಲ್ಲೇ ತೀರಿಕೊಂಡರೆಂದು ನಂಬಲಾಗಿದೆ. ಇಂದಿಗೂ ಸಿಯೆನಾ ನಗರಸಭೆಯ ವ್ಯಾಪ್ತಿಯ ಜನಸಂಖ್ಯೆ ಐವತ್ತು ಸಾವಿರದ ಆಸುಪಾಸಿನಲ್ಲೇ ಇದೆ. ಒಂದು ಊರು ಬಿದ್ದ ಪೆಟ್ಟಿನಿಂದ ಏಳಲು ಎಷ್ಟು ಶತಮಾನ ಹಿಡಿಯಬಹುದು ಎಂಬುದಕ್ಕೆ ಈ ಎರಡು ಅಂಕಿಗಳೇ ಸಾಕ್ಷಿ.

ಹೊಸ ಗುಡಿಯ ಕೆಲಸ ನಿಂತುಹೋಯಿತು. ಹತ್ತು ವರ್ಷದೊಳಗೆ ಯೋಜನೆಯನ್ನೇ ಕೈಬಿಟ್ಟರು. ಆ ಬರಿಯ ಮುಂಗೋಡೆ ಇಂದಿಗೂ ನಿಂತಿದೆ. ಗುಡಿಯ ನಡುಭಾಗ ಆಗಬೇಕಿದ್ದ ಜಾಗದಲ್ಲಿ ಜನ ಓಡಾಡುತ್ತಾರೆ. ಗೋಡೆಯೊಳಗಿನ ಕಿರಿದಾದ ಮೆಟ್ಟಿಲು ಹತ್ತಿ ಅದರ ತುದಿಗೆ ಹೋಗಬಹುದು. ಸಿಯೆನಾದವರು ಈ ಗೋಡೆಯನ್ನು ಕೆಡವಿ ತಮ್ಮ ಸೋಲನ್ನು ಮರೆಮಾಡಲಿಲ್ಲ. ಪ್ಲೇಗಿನ ಮರುವರ್ಷ, 1349ರಲ್ಲಿ, ಕಾಂಪೊದ ಇಟ್ಟಿಗೆ ನೆಲದ ಕೆಲಸವನ್ನು ಮುಗಿಸಿದರು. ದೊಡ್ಡ ಗುಡಿಯ ಕನಸು ನಿಂತಿತು, ಎಲ್ಲರೂ ನಡೆಯುವ ನೆಲ ಪೂರ್ತಿಯಾಯಿತು. ಅರ್ಧ ಊರನ್ನು ಹೂತ ಜನ ಆ ನೆಲವನ್ನು ಮುಗಿಸಿದರು ಎಂಬುದು ನನಗೆ ಸಿಯೆನಾದ ಚರಿತ್ರೆಯಲ್ಲೇ ದೊಡ್ಡ ಘಟನೆ.

ಆಸ್ಪತ್ರೆ ಮತ್ತು ನೀರು

ಕೆಥೆಡ್ರಲ್ಲಿನ ಮೆಟ್ಟಿಲ ಎದುರಿಗೇ ಸಾಂತಾ ಮರಿಯಾ ದೆಲ್ಲಾ ಸ್ಕಾಲಾ. ಯೂರೋಪಿನ ಅತ್ಯಂತ ಹಳೆಯ ಆಸ್ಪತ್ರೆಗಳಲ್ಲಿ ಒಂದು. ಅದರ ಮೊದಲ ದಾಖಲೆ 11ನೇ ಶತಮಾನದ ಕೊನೆಯದು. ನಡೆದು ಸುಸ್ತಾದ ಯಾತ್ರಿಕರು, ರೋಗಿಗಳು, ಬಡವರು, ತಂದೆತಾಯಿ ಬಿಟ್ಟುಹೋದ ಕೂಸುಗಳು ಎಲ್ಲರಿಗೂ ಇದೇ ಆಸರೆ. ಅಲ್ಲಿನ ಯಾತ್ರಿಕರ ಹಜಾರದ ಗೋಡೆಗಳ ಮೇಲೆ 1440ರ ದಶಕದಲ್ಲಿ ದೊಮೆನಿಕೊ ದಿ ಬಾರ್ತೊಲೊ ಮತ್ತಿತರರು ಆ ಆಸ್ಪತ್ರೆಯ ದಿನಚರಿಯನ್ನೇ ಬರೆದರು. ತೊಡೆಯಲ್ಲಿ ಆಳವಾದ ಗಾಯವಿರುವ ಯುವಕನನ್ನು ತೊಳೆಯುತ್ತಿದ್ದಾರೆ, ವೈದ್ಯರು ಮೂತ್ರದ ಸೀಸೆ ಹಿಡಿದು ನೋಡುತ್ತಿದ್ದಾರೆ, ದಾದಿಯರು ಅನಾಥ ಕೂಸುಗಳಿಗೆ ಹಾಲೂಡುತ್ತಿದ್ದಾರೆ, ಬೆಳೆದ ಹುಡುಗಿಗೆ ಬಳುವಳಿ ಕೊಟ್ಟು ಮದುವೆ ಮಾಡುತ್ತಿದ್ದಾರೆ. ಆ ಚಿತ್ರಗಳ ಕೆಳಗೇ ರೋಗಿಗಳ ಮಂಚಗಳಿರುತ್ತಿದ್ದವು. 20ನೇ ಶತಮಾನದ ಕೊನೆಯ ಭಾಗದವರೆಗೂ ಇಲ್ಲಿ ಚಿಕಿತ್ಸೆ ನಡೆಯುತ್ತಿತ್ತು. ಇಟಲಿಯ ಹೆಸರಾಂತ ಕತೆಗಾರ ಇತಾಲೊ ಕಾಲ್ವಿನೊ 1985ರಲ್ಲಿ ಕೊನೆಯುಸಿರೆಳೆದದ್ದು ಈ ಆಸ್ಪತ್ರೆಯಲ್ಲೇ. ಈಗ ಇದು ಮ್ಯೂಸಿಯಂ.

ಇಲ್ಲಿಂದ ಹೊರಟು ಕೆಥೆಡ್ರಲ್ಲಿನ ಹಿಂದಿನ ಓಣಿಗಳಲ್ಲಿ ಕಡಿದಾಗಿ ಇಳಿಯಬೇಕು. ಇಳಿಜಾರಿನ ಬುಡದಲ್ಲಿ ಫೋಂತೆಬ್ರಾಂದಾ. ಮೂರು ದೊಡ್ಡ ಕಮಾನುಗಳ ಕೆಳಗೆ ಹಸಿರು ನೀರಿನ ತಣ್ಣನೆಯ ಕೊಳ. 1246ರಲ್ಲಿ ಈಗಿನ ರೂಪಕ್ಕೆ ಬಂದದ್ದು. ಬೆಟ್ಟದ ನೆತ್ತಿಯ ಊರಿಗೆ ನೀರೇ ದೊಡ್ಡ ಚಿಂತೆ. ಅದಕ್ಕಾಗಿ ಸಿಯೆನಾದವರು ನೆಲದ ಕೆಳಗೆ ಸುಮಾರು 25 ಕಿಲೋಮೀಟರ್ ಉದ್ದದ ಸುರಂಗಗಳನ್ನು ಕೊರೆದರು. ಬೊತ್ತೀನಿ ಎಂದು ಅವುಗಳಿಗೆ ಹೆಸರು. ಮನುಷ್ಯ ನಡೆದು ಹೋಗುವಷ್ಟು ಎತ್ತರ, ನಡುವೆ ಕಿರುಗಾಲುವೆ. ದೂರದ ಸೆಲೆಗಳ ನೀರೂ ಸುರಂಗದ ಗೋಡೆಯಲ್ಲಿ ಜಿನುಗುವ ನೀರೂ ಕೂಡಿ, ಲೆಕ್ಕ ಹಾಕಿ ಕೊಟ್ಟ ನಸು ಇಳಿಜಾರಿನಲ್ಲಿ ಹರಿದು ಊರಿನ ಚಿಲುಮೆಗಳಿಗೆ ಬರುತ್ತದೆ. ಪಂಪಿಲ್ಲ, ಯಂತ್ರವಿಲ್ಲ. ಕಾಂಪೊದ ಮೇಲಂಚಿನಲ್ಲಿರುವ ಫೋಂತೆ ಗಾಯಾ ಚಿಲುಮೆಗೂ ನೀರು ಬಂದದ್ದು ಹೀಗೆಯೇ. ಅದರ ಶಿಲ್ಪಗಳನ್ನು ಯಾಕೊಪೊ ದೆಲ್ಲಾ ಕ್ವೆರ್ಚಾ 1419ರಲ್ಲಿ ಮುಗಿಸಿದ. ಈಗ ಬಯಲಲ್ಲಿರುವುದು 19ನೇ ಶತಮಾನದ ಪ್ರತಿಕೃತಿ, ಮೂಲ ಶಿಲ್ಪಗಳು ನಾವೀಗ ನೋಡಿ ಬಂದ ಆಸ್ಪತ್ರೆಯ ಕಟ್ಟಡದಲ್ಲಿವೆ.

ಫೋಂತೆಬ್ರಾಂದಾದ ವ್ಯವಸ್ಥೆಯನ್ನು ಗಮನವಿಟ್ಟು ನೋಡಬೇಕು. ಮೊದಲ ತೊಟ್ಟಿಯ ನೀರು ಕುಡಿಯಲು ಮಾತ್ರ. ಅದು ತುಂಬಿ ಚೆಲ್ಲಿದ್ದು ದನಕರು, ಕುದುರೆಗಳ ತೊಟ್ಟಿಗೆ. ಅಲ್ಲಿಂದ ಮಿಕ್ಕಿದ್ದು ಬಟ್ಟೆ ಒಗೆಯಲು. ಅದರ ನಂತರ ಕೆಳಗಿನ ಚರ್ಮ ಹದ ಮಾಡುವವರಿಗೆ, ಬಣ್ಣಗಾರರಿಗೆ. ಒಂದೇ ನೀರನ್ನು ಇಷ್ಟು ಬಾರಿ, ಇಷ್ಟು ಕ್ರಮವಾಗಿ ಬಳಸಿದ ಊರು, ಅದನ್ನು ಗುಡಿಯಷ್ಟೇ ಗಂಭೀರವಾದ ಕಮಾನುಗಳ ಕೆಳಗೆ ಇರಿಸಿತು. ಚೆಲುವು ಬೇರೆ, ಉಪಯೋಗ ಬೇರೆ ಎಂದು ಇಲ್ಲಿ ಯಾರೂ ಗೆರೆ ಎಳೆದಿರಲಿಲ್ಲ.

ಈ ಬಣ್ಣಗಾರರ ಕೇರಿಯಲ್ಲೇ 1347ರಲ್ಲಿ ಒಬ್ಬ ಬಣ್ಣಗಾರನ ಮಗಳಾಗಿ ಸಂತ ಕ್ಯಾಥರೀನ್ ಹುಟ್ಟಿದಳು. ಅವಳು ಶಾಲೆಗೆ ಹೋದವಳಲ್ಲ. ಆದರೆ ಅವಳು ಬರೆಸಿದ ಮುನ್ನೂರ ಎಂಬತ್ತಕ್ಕೂ ಹೆಚ್ಚು ಪತ್ರಗಳು ಉಳಿದಿವೆ. ರಾಜರಿಗೆ, ಸೇನಾನಿಗಳಿಗೆ, ಪೋಪರಿಗೆ ಬರೆಸಿದವು. ಅವಿಞಾನ್‌ನಲ್ಲಿ ನೆಲೆಸಿದ್ದ ಪೋಪ್ ಹನ್ನೊಂದನೆಯ ಗ್ರೆಗರಿ ರೋಮಿಗೆ ಮರಳಬೇಕೆಂದು ಪಟ್ಟು ಹಿಡಿದವರಲ್ಲಿ ಅವಳೂ ಒಬ್ಬಳು. 1377ರಲ್ಲಿ ಪೋಪ್ ಮರಳಿದರು. 33ನೇ ವಯಸ್ಸಿಗೆ, 1380ರಲ್ಲಿ, ಅವಳು ತೀರಿಕೊಂಡಳು. ಅವಳ ಮನೆ ಈಗ ಗುಡಿಯಾಗಿದೆ. ಅಲ್ಲಿಂದ ಮೇಲೇರಿದರೆ ಸಾನ್ ದೊಮೆನಿಕೊ ಎಂಬ ದೊಡ್ಡ ಇಟ್ಟಿಗೆಯ ಗುಡಿ. ಅದರ ಪಕ್ಕದಿಂದ ಕಣಿವೆಯಾಚೆಯ ಕೆಥೆಡ್ರಲ್ಲೂ ಮಾಂಜಾ ಗೋಪುರವೂ ಒಟ್ಟಿಗೆ ಕಾಣುತ್ತವೆ. ಸಂಜೆಯ ಬೆಳಕಿಗೆ ಇದಕ್ಕಿಂತ ಒಳ್ಳೆಯ ಜಾಗ ಊರಿನಲ್ಲಿಲ್ಲ.

ಕೇರಿಗಳ ಊರು

ಇಷ್ಟು ಹೊತ್ತು ನಡೆಯುವಾಗ ಮನೆಗಳ ಮೂಲೆಗಳಲ್ಲಿ ಸಣ್ಣ ಫಲಕಗಳು ಕಂಡಿರುತ್ತವೆ: ಹೆಬ್ಬಾತು, ಬಸವನಹುಳು, ಆಮೆ, ಜಿರಾಫೆ, ಹದ್ದು. ಅವು ಕೊಂತ್ರಾದೆ, ಅಂದರೆ ಕೇರಿಗಳ ಗುರುತು. ಸಿಯೆನಾದಲ್ಲಿ ಇಂಥ 17 ಕೇರಿಗಳಿವೆ. ಅವುಗಳ ಗಡಿಯನ್ನು 1729ರಲ್ಲಿ ಅಂದಿನ ರಾಜ್ಯಪಾಲೆ, ಬವೇರಿಯಾದ ವಿಯೊಲಾಂತೆ ಬಿಯಾತ್ರಿಚೆ, ಖಚಿತಪಡಿಸಿದಳು. ಪ್ರತಿ ಕೇರಿಗೂ ತನ್ನ ಗುಡಿ, ತನ್ನ ಮ್ಯೂಸಿಯಂ, ತನ್ನ ಚಿಲುಮೆ. ಮಕ್ಕಳಿಗೆ ಕೇರಿಯ ಚಿಲುಮೆಯ ನೀರಿನಿಂದ ಕೇರಿಯ ದೀಕ್ಷೆ ಕೊಡುತ್ತಾರೆ.

ಜುಲೈ 2 ಮತ್ತು ಆಗಸ್ಟ್ 16ರಂದು ಕಾಂಪೊದ ಅಂಚಿಗೆ ಮಣ್ಣು ಹಾಸಿ ಪಾಲಿಯೊ ಕುದುರೆ ಪಂದ್ಯ ನಡೆಯುತ್ತದೆ. ಹತ್ತು ಕೇರಿಗಳ ಕುದುರೆಗಳು, ಜೀನಿಲ್ಲದ ಸವಾರಿ, ಬಯಲಿಗೆ ಮೂರು ಸುತ್ತು. ಒಂದೂವರೆ ನಿಮಿಷದೊಳಗೆ ಎಲ್ಲ ಮುಗಿಯುತ್ತದೆ. ಕುದುರೆ ಯಾವ ಕೇರಿಗೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತಾರೆ. ಓಟಕ್ಕೆ ಮುನ್ನ ಕುದುರೆಯನ್ನು ಕೇರಿಯ ಗುಡಿಯೊಳಕ್ಕೇ ಕರೆತಂದು ಆಶೀರ್ವಾದ ಮಾಡಿಸುತ್ತಾರೆ. ಸವಾರ ಬಿದ್ದರೂ ಕುದುರೆ ಮೊದಲು ಬಂದರೆ ಕೇರಿ ಗೆದ್ದಂತೆ. ಒಂದು ದಿನಕ್ಕೆ ಬರುವವರು ಪಾಲಿಯೊದ ಜನಜಂಗುಳಿಯ ದಿನಗಳನ್ನು ಬಿಟ್ಟು ಬರುವುದೇ ಮೇಲು. ಕೇರಿಗಳ ಬದುಕು ಮಾತ್ರ ವರ್ಷವಿಡೀ ಇರುತ್ತದೆ: ಕೂಡಿ ಉಣ್ಣುವುದು, ವಯಸ್ಸಾದವರನ್ನು ವಿಚಾರಿಸಿಕೊಳ್ಳುವುದು, ಬಾವುಟ ಬೀಸುವುದನ್ನು ಹುಡುಗರಿಗೆ ಕಲಿಸುವುದು.

ಸಿಯೆನಾ ಮುಂದೆ ಸ್ವಾತಂತ್ರ್ಯ ಕಳೆದುಕೊಂಡಿತು. 1554ರಲ್ಲಿ ಶುರುವಾದ ಮುತ್ತಿಗೆಯಲ್ಲಿ ಹಸಿದು ಸೊರಗಿ, 1555ರ ಏಪ್ರಿಲಿನಲ್ಲಿ ಸ್ಪೇನ್ ಮತ್ತು ಫ್ಲಾರೆನ್ಸಿನ ಸೇನೆಗೆ ಶರಣಾಯಿತು. ಆಮೇಲೆ ಫ್ಲಾರೆನ್ಸಿನ ಮೆದಿಚಿ ಮನೆತನದ ಆಳ್ವಿಕೆ. ಊರಿಗೆ ಹೊಸದಾಗಿ ಕಟ್ಟುವ ಹಣವೂ ಇಲ್ಲ, ಅಧಿಕಾರವೂ ಇಲ್ಲ. ಹಳೆಯದು ಉಳಿದುಕೊಂಡಿದ್ದಕ್ಕೆ ಈ ಬಡತನವೂ ಕಾರಣವೆಂಬುದನ್ನು ಒಪ್ಪಿಕೊಳ್ಳಬೇಕು. ಆದರೆ ಬಡತನದಲ್ಲಿ ಹಾಳುಬಿದ್ದ ಊರುಗಳು ಲೋಕದಲ್ಲಿ ಲೆಕ್ಕವಿಲ್ಲದಷ್ಟಿವೆ. ಗಣರಾಜ್ಯ ಹೋದ ಮೇಲೂ ಕೇರಿಗಳು ಊರನ್ನು ತಮ್ಮದೆಂದು ಹಿಡಿದುಕೊಂಡವು. ಗೋಡೆಯ ಚಿತ್ರದಲ್ಲಿ ನಾಗರಿಕರು ಹಿಡಿದಿದ್ದ ಹಗ್ಗವನ್ನು ಕೈಬಿಡದವರು ಈ ಕೇರಿಗಳ ಜನ.

ಕೊನೆಯ ಮಾತು

ಸಹೃದಯರೇ, ಬೆಟ್ಟದ ಊರನ್ನು ಒಂದೇ ದಿನದಲ್ಲಿ ನೋಡಿ ಮುಗಿಸಲಾದೀತೇ ಎಂದು ತಾವು ಕೇಳಬಹುದು. ಅಲ್ಲಿನ ಎಲ್ಲ ಕಲಾಕೃತಿಗಳನ್ನು ಒಂದು ದಿನದಲ್ಲಿ ನೋಡಲಾಗದು. ಊರು ಯಾವ ವಿಚಾರದ ಮೇಲೆ ನಿಂತಿದೆ ಎಂಬುದನ್ನು ಒಂದು ದಿನದಲ್ಲಿ ತಿಳಿಯಬಹುದು, ನಡೆದರೆ ಮಾತ್ರ. ಏರಿನಲ್ಲಿ ಏದುಸಿರು ಬಂದಾಗ ನೀರಿನ ಸುರಂಗ ಕೊರೆದವರ ಶ್ರಮ ಅರ್ಥವಾಗುತ್ತದೆ. ಸುಸ್ತಾಗಿ ಕಾಂಪೊದ ಇಟ್ಟಿಗೆಯ ಮೇಲೆ ಕೂತಾಗ, ದುಡ್ಡು ಕೊಡದೆ ಯಾರು ಬೇಕಾದರೂ ಕೂರಬಹುದಾದ ನೆಲವೊಂದು ಊರಿಗೆ ಏಕೆ ಬೇಕೆಂದು ತಿಳಿಯುತ್ತದೆ. ವಾಹನದ ಕಿಟಕಿಯಿಂದ ಈ ಪಾಠ ಸಿಗುವುದಿಲ್ಲ.

ಇಲ್ಲಿ ಕೂತಿರುವ ವಿದ್ಯಾರ್ಥಿಗಳಲ್ಲಿ ಎಂಜಿನಿಯರುಗಳಾಗುವವರಿದ್ದೀರಿ, ಅಧಿಕಾರಿಗಳಾಗುವವರಿದ್ದೀರಿ, ಪಂಚಾಯಿತಿಗೆ, ನಗರಸಭೆಗೆ ನಿಲ್ಲುವವರೂ ಇದ್ದೀರಿ. ಯಾವ ಊರಿಗೆ ಹೋದರೂ ಅದನ್ನು ಒಂದು ದಿನ ನಡೆದು ನೋಡಿ. ಕುಡಿಯುವ ನೀರು ಎಲ್ಲಿಂದ ಬರುತ್ತದೆ, ಯಾರಿಗೆ ಮೊದಲು ಸಿಗುತ್ತದೆ ಎಂದು ಕೇಳಿ. ಊರಿನ ನಡುವೆ ಎಲ್ಲರಿಗೂ ಸೇರಿದ ಜಾಗ ಉಳಿದಿದೆಯೇ ಎಂದು ನೋಡಿ. ಊರಿನ ನಿಯಮಗಳ ಪುಸ್ತಕವನ್ನು ತರಿಸಿಕೊಂಡು, ಅದು ಜನರ ಮಾತಿನಲ್ಲಿದೆಯೇ, ಅದರಲ್ಲಿ ಚೆಲುವಿಗಾಗಿ ಒಂದು ವಾಕ್ಯವಾದರೂ ಇದೆಯೇ ಎಂದು ಹುಡುಕಿ. ಸಿಯೆನಾ ದೊಡ್ಡ ಸಾಮ್ರಾಜ್ಯವಾಗಿರಲಿಲ್ಲ. ನದಿಯೂ ಇಲ್ಲದ ಐವತ್ತು ಸಾವಿರ ಜನರ ಬೆಟ್ಟದ ಊರು. ಅಂಥ ಊರು ಆ ವಾಕ್ಯವನ್ನು ಬರೆದುಕೊಂಡಿತು, ಬರೆದದ್ದಕ್ಕೆ ಹಣ ಕೊಟ್ಟಿತು, ಸಾವಿನ ನಡುವೆಯೂ ಕೆಲಸ ಮುಗಿಸಿತು. ಅಷ್ಟು ಜನಸಂಖ್ಯೆಯ ಯಾವ ಊರಿಗೂ ಅದು ಅಸಾಧ್ಯವೆಂದು ಇನ್ನು ಯಾರೂ ಹೇಳುವಂತಿಲ್ಲ.